ನಾಲ್ಕು ನಕ್ಷತ್ರದ ಬಿಸಿಮನೆ

"ಅತ್ತೆ, ನಾಳೆ ಹನ್ನೆರಡು ಗಂಟೆಗೆ ನನ್ನ ಪರವಾನಗಿ ಹೋಗುತ್ತೆ. ಅಷ್ಟರೊಳಗೆ ನೀವೇನಾದರೂ ಮಾಡೋಕಾಗುತ್ತಾ?"

ಅಳತೆಯವಳು ಇಷ್ಟನ್ನು ಮೆಟ್ಟಿಲ ಮೇಲೆ ನಿಂತೇ ಕೇಳಿದಳು. ಒಳಗೆ ಬಂದು ಕೂತ ಮೇಲೂ ಹೆಗಲ ಚೀಲ ಕೆಳಗಿಡಲಿಲ್ಲ. ಚೀಲದ ಬಾಯಿಯಿಂದ ಅಳತೆಯ ಟೇಪಿನ ಹಳದಿ ತುದಿ ಹೊರಗೆ ಇಣುಕುತ್ತಿತ್ತು.

ನನ್ನ ಸೋದರತ್ತೆ ಭೂಮಾಪನ ಕಚೇರಿಯಲ್ಲಿ ಮೂವತ್ತು ವರ್ಷ ನಕ್ಷೆ ಬರೆದು ನಿವೃತ್ತಳಾದವಳು. ಬೀದಿಗೆಲ್ಲ ಅವಳು ನಕ್ಷೆಯತ್ತೆ. ಕಳೆದುಹೋದ ಪತ್ರ, ಕದಲಿದ ಬೇಲಿ, ಇಲ್ಲದ ಸಾಕ್ಷಿ, ಇಂಥ ತೊಡಕುಗಳೆಲ್ಲ ಹೇಗೋ ನಮ್ಮ ಮಹಡಿಯ ಮೆಟ್ಟಿಲು ಹತ್ತಿ ಬರುತ್ತಿದ್ದವು. ಅತ್ತೆಯ ಕಣ್ಣು ಮಂಜಾಗಿ ಆಗ ನಾಲ್ಕು ವರ್ಷ ಆಗಿತ್ತು. ಅಂದಿನಿಂದ ಕಾಗದ ಓದಿ ಹೇಳುವ, ಕಂಡದ್ದನ್ನು ವರ್ಣಿಸುವ ಕೆಲಸ ನನ್ನದು. ನಾನು ನೋಡುತ್ತಿದ್ದೆ, ಅರ್ಥ ಮಾಡಿಕೊಳ್ಳುತ್ತಿದ್ದವಳು ಅವಳು.

"ಮೊದಲು ನೀರು ಕುಡಿ. ಆಮೇಲೆ ಬಾಗಿಲಿನಿಂದ ಶುರು ಮಾಡು," ಎಂದಳು ಅತ್ತೆ.

ಅಳತೆಯವಳು ಕೆಲಸ ಮಾಡುತ್ತಿದ್ದದ್ದು ನಮ್ಮ ಬೀದಿಯ ಕೊನೆಯ ಕಚೇರಿಯಲ್ಲಿ. ಹೊಸ ಮನೆ ಮಾರುವ ಮೊದಲು ಅದು ಎಷ್ಟು ವಿದ್ಯುತ್ತು ನುಂಗುತ್ತದೆಂದು ಲೆಕ್ಕ ಹಾಕಿ, ಒಂದರಿಂದ ಐದರವರೆಗೆ ನಕ್ಷತ್ರ ಕೊಡುವ ಕಚೇರಿ ಅದು. ಇವಳು ಮನೆಗೆ ಹೋಗಿ ಗೋಡೆ, ಕಿಟಕಿ, ಸೂರು, ನೆರೆಕಟ್ಟಡದ ಎತ್ತರ ಎಲ್ಲವನ್ನೂ ಅಳೆದು ಪುಸ್ತಕದಲ್ಲಿ ಬರೆದು ತರುತ್ತಾಳೆ. ಕಚೇರಿಯಲ್ಲಿ ಇನ್ನೊಬ್ಬರು ಆ ಪುಟ ನೋಡಿಕೊಂಡು ಕಂಪ್ಯೂಟರಿನೊಳಗೆ ಅದೇ ಮನೆಯನ್ನು ಕಟ್ಟುತ್ತಾರೆ. ಆಮೇಲೆ ಸಾಫ್ಟ್‌ವೇರು ಆ ಪುಟ್ಟ ಮನೆಯ ಮೇಲೆ ಒಂದು ಇಡೀ ವರ್ಷದ ಬಿಸಿಲು, ಗಾಳಿ, ಚಳಿಯನ್ನು ಸುರಿಯುತ್ತದೆ. ಎಂಟು ಸಾವಿರದ ಏಳುನೂರ ಅರವತ್ತು ಗಂಟೆ. ಒಂದೊಂದು ಗಂಟೆಗೂ ಯಾವ ಕೋಣೆ ಎಷ್ಟು ಕಾಯಿತು, ತಣಿಸಲು ಎಷ್ಟು ವಿದ್ಯುತ್ತು ಬೇಕು ಎಂದು ಲೆಕ್ಕ ಕೊಡುತ್ತದೆ.

"ಐದು ತಿಂಗಳ ಹಿಂದೆ ಒಂದು ಮನೆ ಅಳೆದೆ, ಅತ್ತೆ. ನಾಲ್ಕು ನಕ್ಷತ್ರ ಬಂತು. ಅದನ್ನ ನಂಬಿ ಒಬ್ಬ ಟೈಲರು ತಗೊಂಡರು. ಈಗ ನೋಡಿದರೆ ಮನೆ ಕುಲುಮೆ. ಹೋದ ತಿಂಗಳು, ನಮಗೆ ಪರವಾನಗಿ ಕೊಡೋ ಮಂಡಳಿಗೆ ದೂರು ಕೊಟ್ಟರು. ಮಂಡಳಿಯವರು ಕಡತ ತೆಗೆಸಿ ನೋಡಿದರೆ, ಕಂಪ್ಯೂಟರಿನಲ್ಲಿ ಬಾಗಿಲು ದಕ್ಷಿಣಕ್ಕಿದೆ. ನಿಜವಾದ ಮನೆ ಬಾಗಿಲು ಪಶ್ಚಿಮಕ್ಕೆ."

"ಅದು ನಿನ್ನ ತಪ್ಪು ಹೇಗಾಯ್ತು?"

ಅವಳು ಪುಸ್ತಕ ತೆಗೆದು ನನ್ನ ಕೈಗಿತ್ತಳು. "ನಾವು ಪುಟ ಬರೆಯೋ ರೀತಿ ಹೀಗೆ. ಬಾಗಿಲು ಯಾವಾಗಲೂ ಹಾಳೆಯ ಕೆಳಗಡೆ, ಬಾಗಿಲಲ್ಲಿ ನಿಂತುಕೊಂಡೇ ಬರೆಯೋಕೆ ಶುರು ಮಾಡ್ತೀವಲ್ಲ. ಮನೆ ಹೊರಗಿನದೆಲ್ಲ ಮೇಲಿನ ಬಲಮೂಲೆಗೆ. ಉತ್ತರದ ಬಾಣ ಅಲ್ಲೇ. ಪಕ್ಕದ ಕಟ್ಟಡ ಯಾವ ದಿಕ್ಕಿಗಿದೆ, ಎಷ್ಟು ಎತ್ತರ, ಅದೂ ಅಲ್ಲೇ. ಬಾಣ ಇಲ್ಲದಿದ್ದರೆ ಹಾಳೆಯ ಮೇಲ್ಭಾಗವೇ ಉತ್ತರ ಅಂತ ನಿಯಮ. ಬಾಣ ಮರೆತವರ ಪರವಾನಗಿ ರದ್ದು ಅನ್ನೋದೂ ನಿಯಮ."

ನಾನು ಪುಟ ತೆರೆದೆ. ಗೋಡೆಗಳು, ಕಿಟಕಿಗಳು, ಅಂಕಿಗಳು ಇರುವೆ ಸಾಲಿನಂತೆ ಅಚ್ಚುಕಟ್ಟಾಗಿದ್ದವು. ಪಕ್ಕದ ಕಟ್ಟಡದ ಮಾತು ಎಲ್ಲಿಯೂ ಇರಲಿಲ್ಲ. ಮೇಲಿನ ಬಲಮೂಲೆ ಇರಲೇ ಇಲ್ಲ.

"ಹರಿದಿದೆ," ಎಂದೆ. "ಎರಡು ಬೆರಳಗಲ."

"ಹರಿದ ಮೂಲೆಯಲ್ಲಿ ಬಾಣ ಇತ್ತು ಅಂತ ನಾನು ಹೇಳ್ತೀನಿ. ಇರಲಿಲ್ಲ ಅಂತ ಯಾರು ಬೇಕಾದರೂ ಹೇಳಬಹುದು. ಏಳು ವರ್ಷ ಅತ್ತೆ. ಇದು ಬಿಟ್ಟರೆ ನನಗೆ ಬೇರೆ ಕೆಲಸ ಬರಲ್ಲ. ನಾಳೆಯಿಂದ ಉತ್ತರ ಯಾವ ಕಡೆ ಅಂತ ಗೊತ್ತಿಲ್ಲದವಳು ಅನ್ನಿಸಿಕೊಂಡು ಬದುಕಬೇಕು." ಟೇಪಿನ ತುದಿಯನ್ನು ಚೀಲದೊಳಗೆ ತುರುಕುತ್ತ, "ಈಗೀಗ ನನಗೇ ಅನುಮಾನ. ನಿಜವಾಗಲೂ ಹಾಕಿದ್ದೆನಾ ಅಂತ," ಎಂದಳು.

"ಆ ಅನುಮಾನ ನನ್ನ ಹತ್ತಿರ ಬಿಟ್ಟುಹೋಗು," ಎಂದು ಅತ್ತೆ ಎದ್ದು ಚಪ್ಪಲಿ ಹುಡುಕತೊಡಗಿದಳು.

ಟೈಲರನ ಮನೆ ಮುಟ್ಟಿದಾಗ ಸಂಜೆ ನಾಲ್ಕಾಗಿತ್ತು. ಒಂದೇ ಅಂತಸ್ತಿನ ಮನೆ, ಬೀದಿಗೆ ತೆರೆದ ದೊಡ್ಡ ಗಾಜಿನ ಕಿಟಕಿ. ಬೀದಿಯಾಚೆ ಬಯಲು, ಬಯಲಿನ ಮೇಲೆ ಇಳಿಬಿಸಿಲು. ಆ ಬಿಸಿಲು ಯಾವ ಅಡ್ಡಿಯೂ ಇಲ್ಲದೆ ನೇರವಾಗಿ ಒಳಗೆ ಬಂದು ಹೊಲಿಗೆ ಯಂತ್ರದ ಮೇಲೆ ಕೂತಿತ್ತು. ಬಾಗಿಲು ದಾಟಿದ ಕೂಡಲೇ ನನ್ನ ಕನ್ನಡಕದ ಚೌಕಟ್ಟು ಕಿವಿಯ ಹಿಂದೆ ಬೆಚ್ಚಗಾಯಿತು.

"ಬನ್ನಿ, ಬೇಯೋಣ," ಎಂದ ಟೈಲರು. "ನನಗೆ ಇಸ್ತ್ರಿ ಪೆಟ್ಟಿಗೆ ಖರ್ಚು ಉಳಿದಿದೆ. ಅಂಗಿ ಕಿಟಕಿ ಮುಂದೆ ಹಿಡಿದರೆ ಸಾಕು."

"ತಮಾಷೆ ಮಾಡ್ತಾರೆ," ಎಂದಳು ಅವನ ಹೆಂಡತಿ. "ಮಗುವಿನ ಬೆನ್ನು ನೋಡಿ, ಬೆವರುಸಾಲೆ. ಮೂರು ಗಂಟೆಯಿಂದ ದೀಪ ಹಚ್ಚೋವರೆಗೂ ನಾವು ಅಡುಗೆಮನೇಲೇ ಕೂರೋದು. ಒಲೆ ಇರೋ ಕೋಣೆ ತಂಪು ಅಂದರೆ ನೀವೇ ಲೆಕ್ಕ ಹಾಕಿ."

ಅತ್ತೆ ಗೋಡೆಯ ಮೇಲೆ ಅಂಗೈ ಇಟ್ಟು ಕೇಳಿದಳು. "ಸಿಮೆಂಟಿನ ವಾಸನೆ ಬರ್ತಿದೆಯಲ್ಲ. ಎಲ್ಲಿಂದ?"

ನಾನು ಹೊರಗೆ ಹೋಗಿ ನೋಡಿದೆ. ಮನೆಗೆ ಅಂಟಿಕೊಂಡಂತೆ ಬಲಪಕ್ಕದಲ್ಲಿ ಮೂರು ಅಂತಸ್ತಿನ ಕಟ್ಟಡ. ಕೆಳಗಿನ ಎರಡಕ್ಕೆ ಹಳೆಯ ಬಣ್ಣ, ಮೇಲಿನದು ಇನ್ನೂ ಗಾರೆ ಕಾಣದ ಇಟ್ಟಿಗೆ.

"ನಾವು ಮನೆಗೆ ಬಂದಾಗ ಎರಡೇ ಇತ್ತು," ಎಂದ ಟೈಲರು. "ಮೂರನೇದಕ್ಕೆ ಸ್ಲ್ಯಾಬು ಹಾಕಿ ಎರಡು ತಿಂಗಳಾಯ್ತು. ಏನು ಪ್ರಯೋಜನ? ಪಕ್ಕದಲ್ಲಿ ಎಷ್ಟು ಎತ್ತರ ಕಟ್ಟಿದರೂ ನೆರಳು ನಮ್ಮ ಕಿಟಕಿಗೆ ಬೀಳಲ್ಲ."

ನಾಲ್ಕು ನಕ್ಷತ್ರದ ಪ್ರಮಾಣಪತ್ರ ಗೋಡೆಯ ಮೇಲೆ ಚೌಕಟ್ಟಿನೊಳಗಿತ್ತು. "ದಿನಾ ಬೈಯೋಕೆ ಎದುರಿಗೆ ಏನಾದರೂ ಬೇಕಲ್ಲ," ಎಂದಳು ಟೈಲರನ ಹೆಂಡತಿ. ಅದನ್ನು ಇಳಿಸಿ ನಾನು ಅತ್ತೆಗೆ ಓದಿ ಹೇಳಿದೆ. ತಾರೀಕು, ಚದರಡಿ, ಗಾಜಿನ ದಪ್ಪ. ಕೆಳಗೆ ಅಂಚೆಚೀಟಿಯಷ್ಟು ದೊಡ್ಡ ಚಿತ್ರ.

"ಚಿತ್ರದಲ್ಲಿ ಏನಿದೆ?"

"ಒಂದು ಬೂದು ಮನೆ. ಕಿಟಕಿಗೆ ನೀಲಿ ಬಣ್ಣ. ಅದರ ಎದುರಿಗೆ ಇನ್ನೊಂದು ಬೂದು ಪೆಟ್ಟಿಗೆ, ಮನೆಯ ಎರಡರಷ್ಟು ಎತ್ತರ."

"ಎದುರಿಗೋ, ಪಕ್ಕದಲ್ಲೋ?"

"ಎದುರಿಗೆ."

"ಇನ್ನೊಂದು ಸಲ ನೋಡು. ಅವಸರ ಬೇಡ."

ನೋಡಿದೆ. ಎದುರಿಗೇ ಇತ್ತು. ಅತ್ತೆ ಪ್ರಮಾಣಪತ್ರವನ್ನು ಒಂದು ದಿನದ ಮಟ್ಟಿಗೆ ಎರವಲು ಕೇಳಿ, ಅದನ್ನು ತನ್ನ ಸೆರಗಿನಲ್ಲಿ ಸುತ್ತಿಕೊಂಡಳು. ದಾರಿಯುದ್ದಕ್ಕೂ ಅವಳ ತುಟಿ ಮಾತ್ರ ಅಲುಗುತ್ತಿತ್ತು, ಒಳಗೊಳಗೇ ಏನೋ ಪದ್ಯ ಕಟ್ಟುತ್ತಿರುವಂತೆ. ಅಂಥ ಹೊತ್ತಿನಲ್ಲಿ ಅವಳನ್ನು ಮಾತಾಡಿಸಬಾರದೆಂದು ನನಗೆ ಗೊತ್ತು.

ಕಚೇರಿ ಮುಚ್ಚುವ ಹೊತ್ತಿಗೆ ಅಲ್ಲಿದ್ದೆವು. ಯಜಮಾನರು ಬಾಗಿಲಲ್ಲೇ ಎದುರಾದರು. ಸಜ್ಜನ, ಆದರೆ ಗಾಬರಿಯ ಮನುಷ್ಯ. ಒಂದು ಕಾಗದ ಮುದ್ರಿಸಿಕೊಳ್ಳಲೂ ಇನ್ನೊಬ್ಬರನ್ನು ಕರೆಯುವವರು.

"ನಕ್ಷೆಯತ್ತೆ, ನನಗೆ ಆ ಮನೆ ಕಟ್ಟಿ ಮಾರಿದ ಬಿಲ್ಡರ್ ಮೇಲೇ ಸಂಶಯ," ಎಂದು ಅವರು ಪಿಸುಗುಟ್ಟಿದರು. "ಹೋದ ತಿಂಗಳು ಬಂದಿದ್ದ. ಅಳತೆ ಪುಸ್ತಕ ಇಡೋ ಬೀರು ಪಕ್ಕದಲ್ಲೇ ಅರ್ಧ ಗಂಟೆ ಕೂತಿದ್ದ. ಬೀರುಗೆ ಬೀಗ ಇದೆ, ಬೀಗದ ಕೈ ಮೊಳೆಗೆ ನೇತಾಡ್ತಿರುತ್ತೆ."

"ಹಾಗಾದರೆ ಬೀಗ ಯಾಕಪ್ಪ?"

"ಮಂಡಳಿಯ ನಿಯಮ, ಅತ್ತೆ."

ಒಳಗೆ ಕಿಟಕಿಯ ಪಕ್ಕದ ಮೇಜಿನ ಮುಂದೆ ಕುರ್ಚಿಯಣ್ಣ ಕೂತಿದ್ದ. ಅಳತೆಯ ಪುಟಗಳನ್ನು ಕಂಪ್ಯೂಟರಿನ ಮನೆಗಳಾಗಿ ಕಟ್ಟುವವನು ಇವನೇ. ಹದಿನಾರು ವರ್ಷದಲ್ಲಿ ಕಚೇರಿ ಬಿಟ್ಟು ಒಂದು ಮನೆಯನ್ನೂ ಕಣ್ಣಾರೆ ನೋಡಿದವನಲ್ಲ. ಒಂದು ತಪ್ಪನ್ನೂ ಮಾಡಿದವನಲ್ಲ. ಎರಡೂ ಅವನ ಹೆಮ್ಮೆ. ಅಳತೆಯವಳಿಗೆ ಕೆಲಸ ಕಲಿಸಿದವನೂ ಅವನೇ.

"ಮನೆ ನೋಡಿದರೆ ಲೆಕ್ಕ ಕೆಡುತ್ತೆ, ಅಮ್ಮಾ," ಎಂದ. "ಚಂದದ ಮನೆಗೆ ಮನಸ್ಸು ಜಾರುತ್ತೆ. ನಾನು ಪುಟ ನೋಡ್ತೀನಿ, ಪುಟದಲ್ಲಿದ್ದದ್ದು ಕಟ್ತೀನಿ. ಅಷ್ಟೇ."

"ಈ ಮನೇನೂ ನೋಡಿಲ್ಲ?"

"ಆ ಬೀದಿ ಎಲ್ಲಿದೆ ಅಂತಲೂ ಗೊತ್ತಿಲ್ಲ."

"ಆ ಕಡತ ಒಮ್ಮೆ ಓಡಿಸ್ತೀಯಾ?"

ಅವನು ಓಡಿಸಿದ. ಪರದೆಯ ಮೇಲೆ ಒಂದು ನೀಲಿ ಪಟ್ಟಿ ಮೆಲ್ಲಗೆ ತುಂಬಿತು. ಒಂದು ಇಡೀ ವರ್ಷ ಎರಡು ನಿಮಿಷದಲ್ಲಿ ಕಳೆದುಹೋಯಿತು. ಕೊನೆಗೆ ಬಂದದ್ದು ಮೂರು ನಕ್ಷತ್ರ.

"ಪ್ರಮಾಣಪತ್ರದಲ್ಲಿ ನಾಲ್ಕಿದೆಯಲ್ಲ," ಎಂದೆ ನಾನು.

"ನಡುವೆ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂತು," ಎಂದರು ಯಜಮಾನರು ಅವಸರದಿಂದ. "ಹೋದ ವಾರ ಹಳೇ ಕಡತ ಎಲ್ಲ ತೆರೆದು ಹೊಸದಾಗಿ ಉಳಿಸಿದ್ದೀವಿ. ಎಲ್ಲದಕ್ಕೂ ಒಂದೇ ತಾರೀಕು ಬಿದ್ದಿದೆ. ಅಲ್ಲಿ ಇಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು."

"ಆಗಬಹುದು," ಎಂದಳು ಅತ್ತೆ. "ಅದೇ ತಿಂಗಳ ಇನ್ನೆರಡು ಮನೆ ಓಡಿಸಿ ನೋಡೋಣ."

ಓಡಿಸಿದರು. ಒಂದಕ್ಕೆ ಎರಡು ನಕ್ಷತ್ರ, ಇನ್ನೊಂದಕ್ಕೆ ನಾಲ್ಕು. ಎರಡೂ ತಮ್ಮ ಪ್ರಮಾಣಪತ್ರದ ಪ್ರತಿಗೆ ಸರಿಯಾಗಿ ಹೊಂದಿದವು. ಯಜಮಾನರು ಹಣೆ ಒರೆಸಿಕೊಂಡರು.

ಅತ್ತೆ ಟೈಲರನ ಮನೆಯ ಕಡತವನ್ನು ಮತ್ತೆ ತೆರೆಸಿ, ಪರದೆಯ ಮೇಲಿನ ಚಿತ್ರ ಹೇಗಿದೆಯೆಂದು ನನ್ನನ್ನು ಕೇಳಿದಳು.

"ಮನೆ. ಅದರ ಬಲಪಕ್ಕಕ್ಕೆ ಒಂದು ಪೆಟ್ಟಿಗೆ, ಮನೆಯ ಮೂರರಷ್ಟು."

"ನೆರೆಕಟ್ಟಡ ಎಷ್ಟು ಮೀಟರಪ್ಪ?"

"ಒಂಬತ್ತು," ಎಂದ ಕುರ್ಚಿಯಣ್ಣ.

"ಎಲ್ಲಿಂದ ತಗೊಂಡೆ?"

"ಪುಟದಿಂದ. ಮತ್ತೆಲ್ಲಿಂದ?"

ಅತ್ತೆ ಕೊನೆಯದಾಗಿ ಮನೆ ಅಳೆದ ದಿನದ ಫೋಟೋಗಳನ್ನು ಕೇಳಿದಳು. ಯಜಮಾನರು ಹುಡುಕಿಸಿ ಕೊಟ್ಟರು. ಒಂದರ ಅಂಚಿನಲ್ಲಿ ನೆರೆಕಟ್ಟಡ ಕಾಣುತ್ತಿತ್ತು. ಎರಡು ಅಂತಸ್ತು, ತಾರಸಿಯ ಮೇಲೆ ಆಕಾಶಕ್ಕೆ ನೆಟ್ಟ ಕಬ್ಬಿಣದ ಕಂಬಿಗಳು. ನಾನು ಅದನ್ನು ವರ್ಣಿಸಿದೆ. ಅತ್ತೆ ತಲೆಯಾಡಿಸಿ, "ಇನ್ನು ಮನೆಗೆ ಹೋಗಿ ಊಟ ಮಾಡೋಣ ನಡಿ," ಎಂದಳು.

ಮರುದಿನ ಹನ್ನೆರಡಕ್ಕೆ ಕಚೇರಿಯ ಉದ್ದ ಮೇಜಿನ ಸುತ್ತ ಎಲ್ಲರೂ ಸೇರಿದರು. ಮಂಡಳಿಯ ಅಧಿಕಾರಿ ಎದುರಿಗೆ ಅಳತೆಯವಳ ಪರವಾನಗಿ ಪುಸ್ತಿಕೆ ಇಟ್ಟುಕೊಂಡು, ಪೆನ್ನಿನ ಮುಚ್ಚಳ ತೆಗೆದು ಸಿದ್ಧರಾಗಿದ್ದರು. ಯಜಮಾನರು, ಕುರ್ಚಿಯಣ್ಣ, ಟೈಲರು ಇದ್ದರು. ಬಿಲ್ಡರ್ ಬಾಗಿಲ ಬಳಿಯ ಕುರ್ಚಿ ಹಿಡಿದು, "ಮಾರಿ ಆದ ಮನೆ. ಇದಕ್ಕೆ ನನ್ನನ್ಯಾಕೆ ಕರೆದಿರಿ?" ಎಂದು ಮೂರನೆಯ ಸಲ ಕೇಳುತ್ತಿದ್ದ.

"ನೀನು ಈಗ ಹೇಳಿದೆಯಲ್ಲ, ಅದನ್ನ ಎಲ್ಲರ ಮುಂದೆ ಹೇಳಿಸೋಕೇ ಕರೆದದ್ದು," ಎಂದಳು ಅತ್ತೆ. "ಸಾಹೇಬರೇ, ಪೆನ್ನು ಸ್ವಲ್ಪ ಹೊತ್ತು ಕೆಳಗಿಡಿ. ಇಲ್ಲಿರೋ ಪ್ರಶ್ನೆ ಒಂದೇ. ಹರಿದ ಮೂಲೆಯಲ್ಲಿ ಉತ್ತರದ ಬಾಣ ಇತ್ತೇ, ಇರಲಿಲ್ಲವೇ?"

"ಇಲ್ಲದ ಮೂಲೆ ಏನು ಹೇಳುತ್ತಮ್ಮ?" ಎಂದರು ಅಧಿಕಾರಿ.

"ಒಂದು ನೆರೆಮನೆ ಹೇಳುತ್ತೆ."

ಅವಳು ಪ್ರಮಾಣಪತ್ರವನ್ನು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ನಾನು ಪರದೆಯ ಚಿತ್ರದ ಮುದ್ರಿತ ಪ್ರತಿ ಇಟ್ಟೆ.

"ಎರಡೂ ಒಂದೇ ಮನೆ. ಟೈಲರ ಹತ್ತಿರ ಇರೋದು ಐದು ತಿಂಗಳ ಹಿಂದಿನದು. ಅದರಲ್ಲಿ ನೆರೆಕಟ್ಟಡ ಎಲ್ಲಿದೆ ನೋಡಿ."

ಅಧಿಕಾರಿ ಕನ್ನಡಕ ಮೇಲಕ್ಕೇರಿಸಿದರು. "ಇದು... ಬಾಗಿಲ ಮುಂದೆ. ಬೀದಿಯ ಮಧ್ಯೆ ನಿಂತಿದೆ."

"ನಮ್ಮ ಬೀದಿಯಲ್ಲಿ ಹಾಗೊಂದು ಕಟ್ಟಡ ಇದ್ದಿದ್ದರೆ ನಾನು ದೂರೇ ಕೊಡ್ತಿರಲಿಲ್ಲ," ಎಂದ ಟೈಲರು. "ತಂಪಾಗಿ ಹೊಲೀತಿದ್ದೆ."

"ಅದಕ್ಕೇ ನಾಲ್ಕು ನಕ್ಷತ್ರ ಬಂದದ್ದು. ಗಾಜಿನ ಕಿಟಕಿಯ ಮುಂದೆ ಎರಡು ಅಂತಸ್ತಿನ ನೆರಳಿದೆ ಅಂತ ಸಾಫ್ಟ್‌ವೇರು ನಂಬಿತು. ಅದಕ್ಕೇನು ಗೊತ್ತು, ಹೇಳಿದ್ದನ್ನ ನಂಬೋದು ಅದರ ಧರ್ಮ." ಅತ್ತೆ ಉಸಿರು ತೆಗೆದುಕೊಂಡಳು. "ಈಗ ಯೋಚನೆ ಮಾಡಿ. ಯಾರೂ ಬೇಕೆಂದೇ ನೆರೆಮನೇನ ಬೀದಿಯಲ್ಲಿ ಕಟ್ಟಲ್ಲ. ಅದು ಅಲ್ಲಿಗೆ ಹೇಗೆ ಬಂತು? ನಿಜವಾದ ಮನೆ ಬಾಗಿಲು ಪಶ್ಚಿಮಕ್ಕೆ, ನೆರೆಕಟ್ಟಡ ದಕ್ಷಿಣಕ್ಕೆ. ಇವಳು ಆ ಮೂಲೆಯಲ್ಲಿ 'ದಕ್ಷಿಣಕ್ಕೆ ಕಟ್ಟಡ, ಆರು ಮೀಟರು' ಅಂತ ಬರೆದಿದ್ದಳು. ಕಟ್ಟುವವನು ಬಾಣ ಗಮನಿಸದೆ, ಹಾಳೆಯ ಮೇಲ್ಭಾಗವೇ ಉತ್ತರ ಅಂತ ಮನೆ ಕೂರಿಸಿದ. ಆಗ ಬಾಗಿಲು ದಕ್ಷಿಣಕ್ಕೆ ಬಂತು. ಆಮೇಲೆ ಬರಹ ಓದಿ ದಕ್ಷಿಣಕ್ಕೇ ನೆರೆಕಟ್ಟಡ ಇಟ್ಟ. ಎರಡೂ ಒಂದೇ ಕಡೆ ಬಿದ್ದವು."

"ಅಂದರೆ ಇವರಿಗೆ ಆ ದಿನ ದಿಕ್ಕು ಸರಿಯಾಗಿ ಗೊತ್ತಿತ್ತು," ಎಂದರು ಅಧಿಕಾರಿ ನಿಧಾನವಾಗಿ, ಅಳತೆಯವಳ ಕಡೆ ನೋಡುತ್ತ.

"ಗೊತ್ತಿಲ್ಲದೆ ದಕ್ಷಿಣ ಅಂತ ಬರೆಯೋಕಾಗುತ್ತಾ? ಅಷ್ಟೇ ಆಗಿದ್ದರೆ ಅದು ಬರೀ ಕೈತಪ್ಪು. ಆದರೆ ಇನ್ನೊಂದು ಚಿತ್ರ ನೋಡಿ. ಈಗ ಕಡತದಲ್ಲಿರೋದು. ನೆರೆಕಟ್ಟಡ ಬೀದಿಯಿಂದ ಎದ್ದು ನಡೆದು ಪಕ್ಕಕ್ಕೆ ಬಂದು ನಿಂತಿದೆ. ಮನೆ ಮಾತ್ರ ತಪ್ಪು ದಿಕ್ಕಿಗೇ ಇದೆ. ದಕ್ಷಿಣ ಅಂತ ಯಾರೂ ಬರೆದೇ ಇಲ್ಲ ಅನ್ನೋ ಹಾಗೆ ಮನೆ, ಕಟ್ಟಡ ಎರಡೂ ಒಟ್ಟಿಗೇ ತಿರುಗಿವೆ. ಈಗ ಇದನ್ನ ನೋಡಿದವರಿಗೆ ಏನನ್ನಿಸುತ್ತೆ? ಪಾಪ, ಕಟ್ಟಿದವನು ಪುಟದಂತೆಯೇ ಕಟ್ಟಿದ್ದಾನೆ, ಬಾಣ ಹಾಕದವಳದೇ ತಪ್ಪು ಅನ್ನಿಸುತ್ತೆ. ಬಾಣ, ಬರಹ ಎರಡೂ ಇದ್ದ ಮೂಲೆ ಹರಿದುಹೋದದ್ದೂ ಅದಕ್ಕೇ. ಕಟ್ಟಡ ಸರಿದದ್ದರಿಂದ ನೆರಳು ಹೋಯ್ತು, ಒಂದು ನಕ್ಷತ್ರ ಉದುರಿತು. ಹೊಸ ಆವೃತ್ತಿಯ ಕೈವಾಡ ಅಲ್ಲ ಅದು. ಮಿಕ್ಕ ಮನೆಗಳ ನಕ್ಷತ್ರ ಉದುರಲಿಲ್ಲವಲ್ಲ."

"ಯಾರು ಸರಿಸಿದ್ದು?" ಯಜಮಾನರ ಧ್ವನಿ ಕೀರಲಾಗಿತ್ತು.

"ನೀವಲ್ಲ. ನಿಮಗೆ ಆ ಯಂತ್ರ ಮುಟ್ಟೋಕೆ ಭಯ. ಬಿಲ್ಡರೂ ಅಲ್ಲ. ನಾಲ್ಕು ನಕ್ಷತ್ರದಲ್ಲಿ ಮಾರಿ ಕೈ ತೊಳ್ಕೊಂಡವನು, ಆಮೇಲೆ ಬಂದು ಮೂರು ಮಾಡಿಸೋಕೆ ಅವನಿಗೇನು ಹುಚ್ಚೇ?"

"ಅಲ್ಲವೇ ಮತ್ತೆ," ಎಂದ ಬಿಲ್ಡರ್, ಮೊದಲ ಸಲ ಕುರ್ಚಿಗೆ ಒರಗುತ್ತ.

ಅತ್ತೆ ಮುಖವನ್ನು ಕಿಟಕಿಯ ಪಕ್ಕದ ಮೇಜಿನತ್ತ ತಿರುಗಿಸಿದಳು. "ಅಪ್ಪಾ, ನೆರೆಕಟ್ಟಡ ಒಂಬತ್ತು ಮೀಟರು ಅಂತ ಪುಟದಿಂದ ತಗೊಂಡೆ ಅಂದೆ. ಪುಟದಲ್ಲಿ ಈಗ ನೆರೆಕಟ್ಟಡದ ಮಾತೇ ಇಲ್ಲ, ಅದು ಆ ಮೂಲೆಯಲ್ಲಿತ್ತು. ಮೂಲೆ ಇದ್ದಾಗ ಓದಿದ್ದರೆ ಅದರ ಪಕ್ಕದಲ್ಲೇ ಬಾಣವೂ ಇದ್ದಿರಬೇಕು. ಅದಿರಲಿ. ಇವಳು ಅಳೆದ ದಿನ ಅಲ್ಲಿ ಎರಡೇ ಅಂತಸ್ತು. ಫೋಟೋ ಹೇಳುತ್ತೆ, ಟೈಲರ ಹಳೇ ಚಿತ್ರಾನೂ ಹೇಳುತ್ತೆ. ಇಲ್ಲದ ಮೂರನೇ ಅಂತಸ್ತನ್ನ ಇವಳು ಬರೆದಿರೋಕೆ ಸಾಧ್ಯವಿಲ್ಲ. ಸ್ಲ್ಯಾಬು ಬಿದ್ದದ್ದು ಎರಡು ತಿಂಗಳ ಹಿಂದೆ. ಆಮೇಲೆ ಆ ಬೀದಿಯಲ್ಲಿ ನಿಂತು ಕಣ್ಣಾರೆ ನೋಡಿದವನಿಗೆ ಮಾತ್ರ ಒಂಬತ್ತು ಗೊತ್ತು. ದೂರು ಬಂತು ಅಂತ ಕೇಳಿ ನೀನು ಅಲ್ಲಿಗೆ ಹೋದೆ. ಹದಿನಾರು ವರ್ಷದಲ್ಲಿ ಮೊದಲ ಸಲ."

ಹೊರಗೆ ಯಾರದೋ ಸೈಕಲ್ಲಿನ ಗಂಟೆ ಕೇಳಿ ದೂರವಾಯಿತು.

"ಹೋಗಿದ್ದೆ," ಎಂದ ಕುರ್ಚಿಯಣ್ಣ ಕೊನೆಗೆ. "ಬೀದಿ ತಿರುವಿನಲ್ಲೇ ಗೊತ್ತಾಯ್ತು. ಬಿಸಿಲು ಎದುರಿಗೇ ಬಂತು. ವಾಪಸು ಬಂದು ಪುಟ ತೆಗೆದರೆ ಬಾಣ ಅಲ್ಲೇ ಇತ್ತು, ಎಡಗಡೆ ತೋರಿಸ್ಕೊಂಡು."

"ಹಾಗಾದರೆ ಆರು ಅಂತಲೇ ಬಿಡಬಹುದಿತ್ತಲ್ಲ," ಎಂದರು ಅಧಿಕಾರಿ. ಅವರ ಧ್ವನಿಯಲ್ಲಿ ಸಿಟ್ಟಿಗಿಂತ ಕುತೂಹಲ ಹೆಚ್ಚಿತ್ತು. "ಒಂಬತ್ತು ಯಾಕೆ ಮಾಡಿದಿರಿ?"

"ಕಟ್ಟಡ ಪಕ್ಕಕ್ಕೆ ಇಡುವಾಗ ಕೈ ತಾನಾಗಿ ಒಂಬತ್ತು ಒತ್ತಿತು, ಸಾರ್. ಕಣ್ಣಲ್ಲಿ ನೋಡಿ ಬಂದಿದ್ದೆನಲ್ಲ. ಇರೋ ಎತ್ತರ ಬಿಟ್ಟು ಬೇರೆ ಬರೆಯೋದು ನನಗೆ ಅಭ್ಯಾಸ ಇಲ್ಲ."

ಯಾರೂ ನಗಲಿಲ್ಲ. ಅಷ್ಟು ದೊಡ್ಡ ಸುಳ್ಳಿನ ನಡುವೆ ಅವನು ಒಂದು ಗೋಡೆಯನ್ನು ನಿಜವಾಗಿ ಕಟ್ಟಿದ್ದ, ಸಿಕ್ಕಿಬಿದ್ದದ್ದು ಆ ಗೋಡೆಯಿಂದಲೇ.

ಅಧಿಕಾರಿ ಪೆನ್ನು ಎತ್ತಿಕೊಂಡರು. ಅಳತೆಯವಳ ಪುಸ್ತಿಕೆಯನ್ನು ಮುಚ್ಚಿ, ಮೇಜಿನ ಮೇಲೆ ಅವಳ ಕಡೆಗೆ ಸರಿಸಿದರು. ಆಮೇಲೆ ಕುರ್ಚಿಯಣ್ಣನ ಕಡೆ ಕೈ ಚಾಚಿದರು. ಅವನು ಜೇಬಿನಿಂದ ತನ್ನ ಪುಸ್ತಿಕೆ ತೆಗೆದು ಕೊಟ್ಟ. ಮೊದಲೇ ತಂದಿಟ್ಟುಕೊಂಡಿದ್ದನೆಂದು ತೋರಿತು. ಟೈಲರ ಮನೆಯನ್ನು ಇವತ್ತೇ ಮತ್ತೆ ಅಳೆದು ಹೊಸ ಪತ್ರ ಕೊಡಬೇಕು, ಕಿಟಕಿಯ ಹೊರಗೆ ಕಚೇರಿಯೇ ಬಿಸಿಲು ತಡೆಯುವ ಮರೆ ಹಾಕಿಸಿಕೊಡಬೇಕು ಎಂದು ಅಧಿಕಾರಿ ಬರೆದರು. ಯಜಮಾನರು ಎಲ್ಲದಕ್ಕೂ ತಲೆಯಾಡಿಸಿದರು.

ಎಲ್ಲರೂ ಏಳುತ್ತಿದ್ದರು. ಅಳತೆಯವಳು ಮಾತ್ರ ಕುರ್ಚಿಯಣ್ಣನ ಮೇಜಿನ ಹತ್ತಿರ ಹೋಗಿ ನಿಂತಳು. ಬೈಯುತ್ತಾಳೆಂದುಕೊಂಡೆ.

"ಅಣ್ಣ," ಎಂದಳು, "ದಿನಕ್ಕೆ ಹನ್ನೆರಡು ಮನೆ ಕಟ್ಟೋರು ನೀವು. ಒಂದು ತಪ್ಪಾಯ್ತು ಅಂತ ನನಗೆ ಹೇಳಿದ್ದರೆ, ಮಂಡಳಿ ಮುಂದೆ ನಿಮ್ಮ ಪಕ್ಕದಲ್ಲಿ ನಾನೇ ನಿಲ್ತಿದ್ದೆ."

"ಗೊತ್ತಿತ್ತಮ್ಮ," ಎಂದ ಅವನು, ತಲೆಯೆತ್ತದೆ. "ನೀನು ನಿಲ್ತೀಯ ಅಂತ ಗೊತ್ತಿತ್ತು. ನಾನೇ ಕೆಲಸ ಕಲಿಸಿದವಳ ಆಸರೆಯಲ್ಲಿ ನಿಲ್ಲೋದು ಹೇಗೆ ಅನ್ನೋದೇ ಗೊತ್ತಾಗಲಿಲ್ಲ."

ಅವಳು ಪರವಾನಗಿಯನ್ನು ಚೀಲಕ್ಕೆ ಹಾಕಿಕೊಂಡು, "ಬನ್ನಿ, ಮನೆ ಅಳೆಯೋಣ," ಎಂದು ಟೈಲರನ್ನು ಕರೆದುಕೊಂಡು ಬಿಸಿಲಿಗೆ ಇಳಿದಳು.